ಟೋಪಿ ಬಂದ ಮೇಲೆ

ಫೆಬ್ರವರಿ 28, 2014, ಶುಕ್ರವಾರ

ಆಮ್ಲಜನಕದ ಯಂತ್ರವನ್ನು ಇವತ್ತು ವಾಪಸು ಒಯ್ದರು. ಇಬ್ಬರು ಬಂದಿದ್ದರು. ಒಬ್ಬ ಕೊಳವೆ ಸುತ್ತಿದ, ಇನ್ನೊಬ್ಬ ಸಹಿ ಹಾಕಿಸಿಕೊಂಡ. ನಾಲ್ಕು ವರ್ಷ ಅದರ ಗುರುಗುರು ಸದ್ದಿನ ಪಕ್ಕದಲ್ಲೇ ಮಲಗಿದವಳು ನಾನು. ಈಗ ಮನೆಯಲ್ಲಿ ಸದ್ದು ಮಾಡುವುದು ಫ್ರಿಜ್ ಒಂದೇ.

ನನ್ನ ಗಂಡ ಕ್ಲೆಮೆಂತೆ ತೀರಿಹೋಗಿ ಹತ್ತೊಂಬತ್ತು ದಿನ. ಈ ಡೈರಿ ಔಷಧಿ ಅಂಗಡಿಯವರು ಅವನಿಗೆಂದು ಕೊಟ್ಟದ್ದು. ಫೆಬ್ರವರಿ ಒಂಬತ್ತರವರೆಗೆ ಬರೀ ಮಾತ್ರೆಗಳ ಹೆಸರು, ನನ್ನ ಕೈಬರಹದಲ್ಲಿ. ಮುಂದಿನ ಹಾಳೆಗಳು ಖಾಲಿ ಇವೆ. ಎಸೆಯಲು ಮನಸ್ಸು ಬರಲಿಲ್ಲ. ನಾನು ಓದಿದ್ದು ಎಂಟನೇ ತರಗತಿ. ಆಮೇಲೆ ಈರುಳ್ಳಿ ಹೊಲ, ಆಮೇಲೆ ಶಾಲೆಯ ಅಡುಗೆಮನೆ. ಯಾರಿಗೂ ತೋರಿಸುವುದಕ್ಕಲ್ಲವಲ್ಲ, ಹೇಗೆ ಬರೆದರೇನು.

ಮಾರ್ಚ್ 3, ಸೋಮವಾರ

ಅವನ ಅಂಗಿಗಳನ್ನು ಒಗೆದೆ. ಒಣಗಿದ ಮೇಲೆ ಮಡಿಸಿ ಅದೇ ಜಾಗದಲ್ಲಿಟ್ಟೆ.

ಮಾರ್ಚ್ 11, ಮಂಗಳವಾರ

ಆಬೆಲಾರ್ದೊ ಬಂದಿದ್ದ. ಅವನು ಇಲ್ಲಿಯ ಮಾಜಿ ಸೈನಿಕರ ಸಂಘದ ಅಧ್ಯಕ್ಷ. ನನ್ನ ಮಗಳು ಒಫೀಲಿಯಾಳ ಜ್ಞಾನಸ್ನಾನದಲ್ಲಿ ಅವಳನ್ನು ಎತ್ತಿ ಹಿಡಿದವನು. ಅಂದಿನಿಂದ ನಾನು ಅವನಿಗೆ ಹೆರ್ಮಿನಿಯಾ ಅಲ್ಲ, ಕೊಮಾದ್ರೆ, ಧರ್ಮಮಗಳ ತಾಯಿ. ಕಿವಿ ಮಂದ. ತನಗೆ ಕೇಳದ್ದು ಊರಿಗೂ ಕೇಳುವುದಿಲ್ಲ ಎಂದು ತಿಳಿದು ಕೂಗಿ ಮಾತನಾಡುತ್ತಾನೆ.

"ಕೊಮಾದ್ರೆ! ಬಾಗ್ಲು ತೆಗಿ. ಒಳಗಿದ್ದೀಯ ಅಂತ ಗೊತ್ತು, ಒಗ್ಗರಣೆ ವಾಸ್ನೆ ಬರ್ತಿದೆ."

"ಅದು ಪಕ್ಕದ ಮನೇದು."

"ಹಂಗಾದ್ರೆ ಪಕ್ಕದ ಮನೆಗೇ ಹೋಗ್ಲಾ?"

ತೆಗೆಯಬೇಕಾಯಿತು. ಅವನು ಬಂದದ್ದು ಟೋಪಿಗಾಗಿ ಎಂದು ನನಗೆ ಗೊತ್ತಿತ್ತು. ಸಂಘದ ಪ್ರತಿಯೊಬ್ಬನಿಗೂ ಒಂದು ನೀಲಿ ಮಡಿಕೆ ಟೋಪಿ ಇರುತ್ತದೆ. ಅವನು ತೀರಿಕೊಂಡರೆ ನಲವತ್ತು ದಿನದೊಳಗೆ ಮನೆಯವರು ಅದನ್ನು ಸಂಘಕ್ಕೆ ಮುಟ್ಟಿಸಬೇಕು. ಅಲ್ಲಿ ಗೋಡೆಯ ಮೇಲೆ ಮೊಳೆಗೆ ಹಾಕುತ್ತಾರೆ. ತಂದವರನ್ನು ಯಾರೂ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಹಿಂದೆ ಯುದ್ಧದಿಂದ ಬಂದವನೊಬ್ಬ ದನದ ಕೊಟ್ಟಿಗೆಯಲ್ಲಿ ಗುಂಡು ಹಾರಿಸಿಕೊಂಡಿದ್ದನಂತೆ. ಟೋಪಿ ಹಿಡಿದು ಬಂದ ಅವನ ತಾಯಿಯನ್ನು ಹೇಗೆ, ಯಾವಾಗ, ಯಾಕೆ ಎಂದು ಎಲ್ಲರೂ ಕೇಳಿದರಂತೆ. ಆಕೆ ಮತ್ತೆ ಮನೆಯ ಹೊಸಿಲು ದಾಟಲಿಲ್ಲ. ಅಂದಿನಿಂದ ಈ ನಿಯಮ. ಕ್ಲೆಮೆಂತೆ ಹೇಳಿದ್ದು.

ನಾನು ಹೇಳಿದೆ: "ಮೂವತ್ತು ವರ್ಷ ಗಂಡನ್ನೇ ಕೊಟ್ಟಿದ್ದೆ ನಿಮ್ಮ ಸಂಘಕ್ಕೆ. ಟೋಪಿಯಾದ್ರೂ ನನಗಿರ್ಲಿ."

ಆಬೆಲಾರ್ದೊ ತನ್ನ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ನಿಂತ. "ಇನ್ನೂ ಹತ್ತು ದಿನ ಇದೆ ಬಿಡು," ಎಂದು ಹೋದ.

ಅವನು ಹೋದ ಮೇಲೆ ಪಾಪ ಎನಿಸಿತು. ಆದರೂ ನಿಜವನ್ನೇ ಹೇಳಿದ್ದೇನೆ. ಪ್ರತಿ ಮಂಗಳವಾರ ಅವರ ಸಂಘದ ಸಭೆ. ನನ್ನ ಊಟದ ಮೇಜಿನ ಮೇಲೆ ಯಾರದೋ ಪಿಂಚಣಿ, ಯಾರದೋ ಆಸ್ಪತ್ರೆ, ಯಾರದೋ ಕಾಲು. ಇವನೇ ಅವರ ಕಾರ್ಯದರ್ಶಿಯಂತೆ. ಕೊನೆಗೆ ಅಕ್ಟೋಬರಿನಲ್ಲಿ ಸೈನ್ಯದ ಗೆಳೆಯ ಚೋನ್ ಸತ್ತ ಮೇಲೆ ನನ್ನ ಗಂಡ ಗೋಡೆಯ ಕಡೆ ಮುಖ ಮಾಡಿ ಮಲಗಿದವನು ನನ್ನ ಕಡೆ ತಿರುಗಲೇ ಇಲ್ಲ. ಏನಾದರೂ ಬೇಕಾ ಎಂದರೆ, ಏನಿಲ್ಲ. ನೋವಾ ಎಂದರೆ, ಏನಿಲ್ಲ. ಜನವರಿಯಲ್ಲಿ ಒಂದು ದಿನ ಸಾಕಾಗಿ, "ನಿನ್ನ ಸಂಘದವರೇ ಬಂದು ನಿಂಗೆ ಗಂಜಿ ಕುಡಿಸ್ಲಿ" ಎಂದುಬಿಟ್ಟೆ. ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಬರೆದಾಯಿತು.

ಮಾರ್ಚ್ 20, ಗುರುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮಧ್ಯಾಹ್ನ ಗಿಣ್ಣು ಮಾರುವ ದೆಲ್ಫೀನಾ ಬಂದಳು. ನದಿಯಾಚೆಯ ದೇಶದ ಪಿಯೆದ್ರಾಸ್ ನೆಗ್ರಾಸ್‌ನವಳು, ವಾರಕ್ಕೊಮ್ಮೆ ಸೇತುವೆ ದಾಟಿ ಬರುತ್ತಿದ್ದವಳು. ಮಗಳಿಗೆ ಅವಳಿ ಮಕ್ಕಳಾದವೆಂದು ಸಾಲ್ತಿಯೊಗೆ ಹೋಗಿ ಐದು ತಿಂಗಳಾಗಿತ್ತು. ಬಾಗಿಲಿನ ಕಪ್ಪು ಪಟ್ಟಿ ನೋಡಿ ಬುಟ್ಟಿ ಕೆಳಗಿಟ್ಟಳು.

"ಅಯ್ಯೋ ದೋನ್ಯಾ, ಅಮ್ಮಾ! ಯಾವಾಗ?"

ಹೇಳಿದೆ. ಅವಳು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

"ಚೋನ್‌ಗೆ ಯಾರೂ ಹೇಳೇ ಇಲ್ವಲ್ಲ ಮತ್ತೆ!"

"ಯಾವ ಚೋನ್?"

"ಯಾವ ಚೋನ್ ಅಂದ್ರೆ? ಕೋಳಿ ಸಾಕ್ಕೊಂಡಿರೋ ಚೋನ್, ನಿಮ್ಮ ಯಜಮಾನ್ರ ಸ್ನೇಹಿತ. ಇವತ್ ಬೆಳಿಗ್ಗೆ ಕ್ಲೆಮೆಂತೆಗೆ ಕೊಡು ಅಂತ ಹನ್ನೆರಡು ಮೊಟ್ಟೆ ಕೊಟ್ಟಿದ್ದ. ಸೇತುವೆ ಮೇಲೆ ಸುಂಕದವ್ರು ಕಿತ್ಕೊಂಡ್ರು, ಮೊಟ್ಟೆ ದಾಟಿಸ್ಬಾರ್ದಂತೆ. ಅದಕ್ಕೆ ಬರೀ ಮಾತು ತಂದಿದೀನಿ: ಹೇಗಿದಾನೆ, ಯಾಕೆ ಒಂದು ಸುದ್ದಿನೂ ಇಲ್ಲ ಅಂತ ಕೇಳ್ದ."

ನಾನು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಅಕ್ಟೋಬರಿನಲ್ಲಿ ಚೋನ್‌ನ ಆತ್ಮಕ್ಕೆ ಒಂಬತ್ತು ದಿನ ಜಪಸರ ಪ್ರಾರ್ಥನೆ ನಡೆದಿತ್ತು. ಕೊನೆಯ ದಿನದ ಊಟಕ್ಕೆ ಜೋಳದ ಹಿಟ್ಟಿನ ಮಾಂಸದ ಕಡುಬು, ತಮಾಲೆ, ಇನ್ನೂರು ಕಟ್ಟಿದವಳು ನಾನೇ.

"ಅವನ ಟೋಪಿ ಬಂದಿತ್ತಲ್ಲ," ಎಂದೆ.

"ಹೂಂ, ನಾನೇ ತಂದಿದ್ದು. ಸಂಘಕ್ಕೆ ಕೊಡು ಅಂದ. ಬಾಗ್ಲು ಹಾಕಿತ್ತು, ಚೀಲ ಹಿಡೀಗೆ ಸಿಕ್ಕಿಸಿ ಸಾಲ್ತಿಯೊ ಬಸ್ ಹಿಡ್ದೆ. ಒಗಿಯೋಕೆ ಕಳಿಸಿದಾನೆ ಅನ್ಕೊಂಡಿದ್ದೆ. ಯಾಕೆ ದೋನ್ಯಾ, ತಪ್ಪಾಯ್ತಾ?"

ಮಾರ್ಚ್ 21, ಶುಕ್ರವಾರ. ನಲವತ್ತನೆಯ ದಿನ

ಕ್ಲೆಮೆಂತೆಯ ಟೋಪಿ ತೆಗೆದುಕೊಂಡು ಅವರ ಸಂಘಕ್ಕೆ ಹೋದೆ. ನಾಲ್ಕು ಜನ ಡಾಮಿನೊ ಆಡುತ್ತಿದ್ದರು. ಟೋಪಿ ಕಂಡು ಎಲ್ಲರೂ ಎದ್ದು ನಿಂತರು, ನಿಯಮದಂತೆ ಯಾರೂ ಮಾತನಾಡಲಿಲ್ಲ. ನಾನೇ ಕೇಳಿದೆ.

"ಚೋನ್ ಸತ್ತ ಅಂತ ನಿಮಗ್ಯಾರು ಹೇಳಿದ್ರು?"

ಆಬೆಲಾರ್ದೊ ಗೋಡೆ ತೋರಿಸಿದ. "ಟೋಪಿ ಬಂತಲ್ಲ."

"ಬಂದ್ರೆ? ನದಿ ಆಚೆ ಹೋಗಿ ನೋಡ್ಬಾರ್ದಿತ್ತಾ? ಒಂದು ಮಾತು ಕೇಳ್ಬಾರ್ದಿತ್ತಾ?"

"ಕೇಳ್ಬಾರ್ದು ಅನ್ನೋದೇ ನಿಯಮ, ಕೊಮಾದ್ರೆ."

"ಅವನು ಬದುಕಿದಾನೆ. ಕೋಳಿ ಸಾಕ್ಕೊಂಡಿದಾನೆ."

ಯಾರ ಕೈಯಿಂದಲೋ ಒಂದು ಡಾಮಿನೊ ಬಿತ್ತು. ಆಬೆಲಾರ್ದೊ ಕಿವಿಯ ಯಂತ್ರ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಇನ್ನೊಂದ್ಸಲ ಹೇಳು," ಎಂದ. ಹೇಳಿದೆ. ಆಗ ಅವನು ಮೊದಲ ಬಾರಿಗೆ ಮೆಲ್ಲಗೆ ಮಾತನಾಡಿದ. ಬೀರುವಿನಿಂದ ಒಂದು ಕಾಗದದ ಪ್ರತಿ ತಂದು ನನ್ನ ಮುಂದಿಟ್ಟ. ಎಂಕಾರ್ನಾಸಿಯೋನ್ ವಾಲ್ದಿವಿಯಾ (ಚೋನ್‌ನ ಪೂರ್ತಿ ಹೆಸರು ಅದು) ಮೃತಪಟ್ಟಿದ್ದಾನೆ, ಸೈನಿಕನಿಗೆ ಸಲ್ಲಬೇಕಾದ ಬಾವುಟವನ್ನೂ ಸಮಾಧಿಯ ಕಲ್ಲನ್ನೂ ಕೊಡಬೇಕು ಎಂದು ಮಾಜಿ ಸೈನಿಕರ ಕಚೇರಿಗೆ ಬರೆದದ್ದು. ಕೆಳಗೆ ಕಾರ್ಯದರ್ಶಿಯ ಸಹಿ. ಅಕ್ಷರಗಳು ಇಳಿಜಾರಿನಲ್ಲಿ ಜಾರುತ್ತಿರುವಂತಿದ್ದವು. ಉಸಿರಿಗೆ ಒದ್ದಾಡುತ್ತಾ ಕ್ಲೆಮೆಂತೆ ಬರೆದ ಕೊನೆಯ ಕಾಗದ ಅದೇ.

"ಬದುಕಿದ್ದಾಗ ಅವನಿಗೆ ಏನೂ ಕೊಡಿಸೋಕಾಗ್ಲಿಲ್ಲ, ಕಲ್ಲಾದ್ರೂ ಕೊಡಿಸ್ತೀನಿ ಅಂತ ಕೂತು ಬರೆದ," ಎಂದ ಆಬೆಲಾರ್ದೊ.

ಚೋನ್‌ನ ಟೋಪಿ ಇಳಿಸಿದರು. ಅದೇ ಮೊಳೆಗೆ ಕ್ಲೆಮೆಂತೆಯದನ್ನು ಹಾಕಹೊರಟರು. ನಾನು ಬಿಡಲಿಲ್ಲ. "ಹೊಸ ಮೊಳೆ ಹೊಡೀರಿ. ಬದುಕಿರೋನನ್ನ ನೇತುಹಾಕಿದ ಮೊಳೆ ಅದು." ಹೊಡೆದರು. ಟೋಪಿ ನನ್ನ ಕೈಬಿಟ್ಟದ್ದು ಯಾವಾಗ ಎಂದು ಗೊತ್ತೇ ಆಗಲಿಲ್ಲ.

ಮನೆಗೆ ಬಂದು ಮಂಚದ ಪಕ್ಕದ ಗೋಡೆಯನ್ನು ಬಹಳ ಹೊತ್ತು ನೋಡಿದೆ. ಅವನು ನನಗೆ ಬೆನ್ನು ಹಾಕಿರಲಿಲ್ಲ. ಚೋನ್‌ಗಾಗಿ ಅಳುತ್ತಿದ್ದ. ಅದೂ ಬದುಕಿದ್ದ ಚೋನ್‌ಗಾಗಿ.

ಮಾರ್ಚ್ 23, ಭಾನುವಾರ

ಸೇತುವೆ ದಾಟಿ ಹೋಗಿ ಬಂದೆ. ನಾನೇ ಹೇಳಬೇಕು ಎನಿಸಿತು. ಸತ್ತವನೆಂದುಕೊಂಡವನಿಗೆ ಸಾವಿನ ಸುದ್ದಿ ಯಾರು ತಾನೇ ಮುಟ್ಟಿಸಿಯಾರು?

ಚೋನ್ ಹುಟ್ಟಿದ್ದು ಪಿಯೆದ್ರಾಸ್ ನೆಗ್ರಾಸ್‌ನಲ್ಲಿ. ಆರು ವರ್ಷಕ್ಕೆ ಈ ದಡಕ್ಕೆ ಬಂದ. ಹತ್ತೊಂಬತ್ತಕ್ಕೆ ಕ್ಲೆಮೆಂತೆಯ ಜೊತೆ ವಿಯೆಟ್ನಾಮಿಗೆ ಹೋದ. ಬಂದ ಮೇಲೆ ಕುಡಿತ, ಆಮೇಲೆ ಮಾದಕ ಪುಡಿ, ಜೈಲು. ಈ ದೇಶದ ಪೌರನಾಗಲು ಅರ್ಜಿ ಹಾಕಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ. ಯುದ್ಧಕ್ಕೆ ಹೋಗಿ ಬಂದವನು ಪೌರನಲ್ಲದೆ ಮತ್ತೇನು ಎಂದುಕೊಂಡಿದ್ದ. 2001ರಲ್ಲಿ ಗಡೀಪಾರು ಮಾಡಿ ಸೇತುವೆಯ ಮೇಲೆ ಬಿಟ್ಟು, ಇನ್ನು ಬರಬೇಡ ಎಂದರು. ಈಗ ಸಕ್ಕರೆ ಕಾಯಿಲೆ. ಎಡಗಾಲಿನ ಹುಣ್ಣು ಒಣಗುತ್ತಿಲ್ಲ.

ಅಂಗಳದಲ್ಲಿ ಕೋಳಿಗೆ ಕಾಳು ಹಾಕುತ್ತಿದ್ದ. ನನ್ನನ್ನು ಕಂಡು ನಕ್ಕ. ನನ್ನ ಹಿಂದೆ ಯಾರೂ ಇಲ್ಲದ್ದನ್ನು ಕಂಡು ನಗು ನಿಂತಿತು.

"ಅತ್ತಿಗೆ, ನೀನೊಬ್ಳೇ ಬಂದ್ಯಾ?"

"ಒಬ್ಳೇ."

ಕಾಳಿನ ಡಬ್ಬಿಯನ್ನು ನಿಧಾನವಾಗಿ ಕೆಳಗಿಟ್ಟ.

ಟೋಪಿ ಯಾಕೆ ಕಳಿಸಿದೆ ಎಂದು ಕೇಳಿದೆ. ಕಳೆದ ಸಲ ಬಂದಾಗ ಕ್ಲೆಮೆಂತೆ ಸೇತುವೆಯ ಮೇಲೆ ಏಳು ಕಡೆ ನಿಂತು ಉಸಿರು ತೆಗೆದುಕೊಂಡನಂತೆ. ತನಗಾಗಿ ಓಡಾಡಿ ಇವನು ಸಾಯುತ್ತಾನೆ ಎಂದು ಚೋನ್‌ಗೆ ಎನಿಸಿತಂತೆ. ಸಂಘ ಬಿಟ್ಟೆ ಎಂದು ತಿಳಿಸಿದರೆ ತನ್ನ ಪರವಾಗಿ ಸರ್ಕಾರಕ್ಕೆ ಬರೆಯುವುದನ್ನು ಕ್ಲೆಮೆಂತೆ ನಿಲ್ಲಿಸುತ್ತಾನೆ ಎಂದು ಟೋಪಿ ಕಳಿಸಿದನಂತೆ. ಟೋಪಿ ಬರುವುದು ಒಂದೇ ಕಾರಣಕ್ಕೆ ಎಂದು ಅವನಿಗೂ ಗೊತ್ತಿತ್ತು. "ಆದ್ರೆ ಅದು ಮನೆಯವ್ರು ತಂದ್ರೆ ಅಲ್ವಾ ಅತ್ತಿಗೆ. ನಂಗೆ ಮನೆಯವ್ರು ಎಲ್ಲಿದಾರೆ? ಗಿಣ್ಣಿನೋಳು ತಂದ್ರೆ ಯಾರು ನಂಬ್ತಾರೆ ಅನ್ಕೊಂಡೆ."

"ಎಲ್ಲಾರೂ ನಂಬಿದ್ರು."

"ಅವನೂ?"

"ಒಂಬತ್ತು ದಿನ ಜಪ ಮಾಡ್ಸಿದ."

"ಊಟ ಯಾರ್ ಮಾಡಿದ್ದು?"

"ನಾನೇ. ತಮಾಲೆ."

"ಹಂದೀದಾ?"

"ಹಂದೀದೇ."

"ನಂಗೊಂದೂ ಸಿಗ್ಲಿಲ್ವಲ್ಲ," ಎಂದ. ನಕ್ಕ. ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಕೋಳಿಗಳು ಡಬ್ಬಿಗೇ ಬಾಯಿ ಹಾಕಿ ಎಲ್ಲವನ್ನೂ ಚೆಲ್ಲಿದವು. ನಾನು ಅವುಗಳನ್ನು ಓಡಿಸುತ್ತಾ ಇದ್ದೆ. ಬೇರೆ ಏನು ಮಾಡಬೇಕೆಂದು ತೋಚಲಿಲ್ಲ.

ಮಾರ್ಚ್ 27, ಗುರುವಾರ

ಮಾಜಿ ಸೈನಿಕರ ಕಚೇರಿಗೆ ಆಬೆಲಾರ್ದೊ ಫೋನ್ ಮಾಡಿದ್ದ, ಆ ಕಡೆಯವರು ಹೇಳಿದ್ದು ಅವನಿಗೆ ಕೇಳಿಸಲಿಲ್ಲ. ಫೋನ್ ನನ್ನ ಕೈಗೆ ಕೊಟ್ಟ.

ಈಗ ವಿಷಯ ಹೀಗಿದೆ. ಆರು ವರ್ಷ ಬರೆದೂ ಬರೆದೂ ಕ್ಲೆಮೆಂತೆ ಚೋನ್‌ಗೆ ಸಾನ್ ಅಂತೋನಿಯೊದ ಆಸ್ಪತ್ರೆಯಲ್ಲಿ ಮೇ 22ಕ್ಕೆ ತಪಾಸಣೆಯ ದಿನ ಕೊಡಿಸಿದ್ದ. ಅವನ ಕಾಯಿಲೆ ಯುದ್ಧದಲ್ಲಿ ಸಿಂಪಡಿಸಿದ ವಿಷದಿಂದ ಬಂದದ್ದು ಎಂದು ಅವರು ಒಪ್ಪಿದರೆ ಔಷಧಿ ಸಿಗುತ್ತದೆ, ಕಾಲು ಉಳಿಯಬಹುದು. ಆ ದಿನಕ್ಕೆ ಸೇತುವೆ ದಾಟಲು ವಿಶೇಷ ಅನುಮತಿಯ ಅರ್ಜಿಯೂ ನಡೆಯುತ್ತಿತ್ತು. ಅಕ್ಟೋಬರಿನಲ್ಲಿ ಸಾವಿನ ಕಾಗದ ಹೋದ ಕೂಡಲೇ ಎಲ್ಲವೂ ಮುಚ್ಚಿಹೋಗಿದೆ. ಏಪ್ರಿಲ್ ಮುಗಿಯುವುದರೊಳಗೆ ಸರಿಯಾಗದಿದ್ದರೆ ತಪಾಸಣೆಯ ದಿನ ತಪ್ಪುತ್ತದೆ. ಮತ್ತೆ ಸಾಲಿನ ಕೊನೆ. ಅಷ್ಟು ವರ್ಷ ಆ ಕಾಲು ಕಾಯುವುದಿಲ್ಲ.

ಫೋನಿನಲ್ಲಿದ್ದ ಹೆಣ್ಣುಮಗಳು ಒಳ್ಳೆಯವಳೇ. "ಸತ್ತಿದ್ದಾರೆ ಅಂತ ನಿಮ್ಮ ಸಂಘದವ್ರೇ ಬರೆದಿದ್ದಾರಲ್ಲಮ್ಮ," ಎಂದಳು.

"ತಪ್ಪಾಗಿದೆ."

"ಹಾಗಾದ್ರೆ ಅವರೇ ಬಂದು ಬದುಕಿದ್ದೀನಿ ಅಂತ ತೋರಿಸ್ಬೇಕು."

"ಬರೋಕೆ ನೀವು ಅನುಮತಿ ಕೊಡ್ಬೇಕಲ್ಲ."

"ಸತ್ತವರಿಗೆ ಅನುಮತಿ ಕೊಡೋಕಾಗಲ್ಲಮ್ಮ."

"ಬದುಕಿದ್ದಾಗ್ಲೂ ಕೊಟ್ಟಿರ್ಲಿಲ್ಲ," ಎಂದೆ. ಅಷ್ಟು ಜೋರಾಗಿ ಮಾತನಾಡಿ ಎಷ್ಟು ದಿನವಾಗಿತ್ತೋ. ಅವಳು ದನಿ ತಗ್ಗಿಸಿ, ನದಿಯಾಚೆಯ ನಮ್ಮ ದೂತಾವಾಸದಲ್ಲಿ ಚೋನ್ ಬೆರಳಚ್ಚು ಕೊಟ್ಟರೆ ಸೈನ್ಯದ ಹಳೆಯ ಬೆರಳಚ್ಚಿನೊಡನೆ ಹೋಲಿಸಬಹುದು, ಜೊತೆಗೆ ಅವನನ್ನು ಬಲ್ಲವರ ಹೇಳಿಕೆ ಬೇಕು ಎಂದಳು.

ಏಪ್ರಿಲ್ 1, ಮಂಗಳವಾರ

ಆಬೆಲಾರ್ದೊ ಅವಸರದ ಮನುಷ್ಯ. ನದಿಯಾಚೆ ಹೋಗಿ, ಇವತ್ತಿನ ಪತ್ರಿಕೆಯನ್ನು ಚೋನ್‌ನ ಎದೆಗೆ ಹಿಡಿಸಿ ಫೋಟೊ ತೆಗೆದು ಸಂಘದ ಸಭೆಗೆ ತಂದಿದ್ದಾನೆ.

"ಇದನ್ನ ಕಳ್ಸಿದ್ರೆ ಅವನನ್ನ ಯಾರೋ ಅಪಹರಿಸಿದಾರೆ ಅನ್ಕೋತಾರೆ," ಎಂದೆ.

"ಅನ್ಕೊಳ್ಳಿ! ಹಂಗಾದ್ರೂ ಬಿಡಿಸ್ಕೊಂಡು ಹೋಗೋಕೆ ಬರ್ತಾರೆ."

"ತಾರೀಖು ನೋಡಿದ್ಯಾ? ಏಪ್ರಿಲ್ ಒಂದು."

ಎಲ್ಲರೂ ನಕ್ಕರು. ನಾನೂ. ಸಭೆಯ ವಿವರ ಬರೆಯುವ ಪುಸ್ತಕವನ್ನು ಆಬೆಲಾರ್ದೊ ನನ್ನ ಕಡೆ ತಳ್ಳಿ, "ನೀನೇ ಬರಿ. ನನ್ನ ಅಕ್ಷರ ನಂಗೇ ಓದೋಕಾಗಲ್ಲ," ಎಂದ. ಇವತ್ತೊಂದು ದಿನ ಎಂದು ಬರೆದೆ.

ಏಪ್ರಿಲ್ 9, ಬುಧವಾರ

ಚೋನ್‌ನ ಜೊತೆ ಬಸ್ಸಿನಲ್ಲಿ ನ್ಯೂಯೆವೊ ಲಾರೆದೊಗೆ ಹೋಗಿ ದೂತಾವಾಸದಲ್ಲಿ ಬೆರಳಚ್ಚು ಕೊಟ್ಟು ಬಂದೆವು. ಮೂರು ಗಂಟೆ ಕಾದೆವು. ಅವನ ಕಾಲಿನ ಪಟ್ಟಿಯನ್ನು ನಾನು ಬದಲಿಸಿದೆ. ಕ್ಲೆಮೆಂತೆಯ ಆರೈಕೆಯ ಅಭ್ಯಾಸ ಹಾಗೇ ಕೈಗೆ ಬಂತು: ಮೊದಲು ಬಿಸಿನೀರು, ಆಮೇಲೆ ಬಟ್ಟೆ, ಮಾತು ಬೇಡ.

ಹೇಳಿಕೆ ಬರೆಯುವಾಗ ಏನು ಬರೆಯಬೇಕೆಂದು ತಿಳಿಯಲಿಲ್ಲ. ಕೊನೆಗೆ ಹೀಗೆ ಬರೆದೆ: "ನಾನು ಹೆರ್ಮಿನಿಯಾ ಉರೂತಿಯಾ, ವಯಸ್ಸು ಅರವತ್ತಮೂರು. ಈ ಮನುಷ್ಯನನ್ನು ನಲವತ್ತು ವರ್ಷದಿಂದ ಬಲ್ಲೆ. ಇವನು ಸತ್ತನೆಂದು ಬರೆದವನು ನನ್ನ ಗಂಡ. ಪ್ರೀತಿಯಿಂದ ಬರೆದ, ತಪ್ಪಾಗಿ ಬರೆದ. ಸತ್ತ ಮನುಷ್ಯ ಹೇಗಿರುತ್ತಾನೆ ಎಂದು ಫೆಬ್ರವರಿ ಒಂಬತ್ತರಿಂದ ನನಗೆ ಚೆನ್ನಾಗಿ ಗೊತ್ತು. ಇವನು ಹಾಗಿಲ್ಲ. ಇವನಿಗೆ ಹಸಿವಾಗುತ್ತದೆ, ಇವನು ವಾದ ಮಾಡುತ್ತಾನೆ, ಬಸ್ಸಿನಲ್ಲಿ ಕಿಟಕಿಯ ಸೀಟೇ ಬೇಕು ಎನ್ನುತ್ತಾನೆ."

ಕೌಂಟರಿನವನು ಅದನ್ನು ಎರಡು ಸಲ ಓದಿ ಮುದ್ರೆ ಒತ್ತಿದ.

ಏಪ್ರಿಲ್ 16, ಬುಧವಾರ

ಕಲ್ಲು ಬಂತು. ಸರ್ಕಾರದ ಬಿಳಿ ಕಲ್ಲು, ಲಾರಿಯಲ್ಲಿ. ಎಂಕಾರ್ನಾಸಿಯೋನ್ ವಾಲ್ದಿವಿಯಾ, ಹುಟ್ಟಿದ ದಿನ, ತೀರಿಕೊಂಡ ದಿನ. ಇಳಿಸಿದ ಕೆಲಸದವರು ಟೋಪಿ ತೆಗೆದು ನಿಂತರು. ಆಬೆಲಾರ್ದೊಗೆ ಸಂಕೋಚ. "ಪರ್ವಾಗಿಲ್ಲ ಪರ್ವಾಗಿಲ್ಲ, ಅವನು ಆರಾಮಾಗಿದಾನೆ," ಎಂದು ಅವರ ಬೆನ್ನು ತಟ್ಟಿ ಕಳಿಸಿದ. ಕಲ್ಲನ್ನು ಕುರ್ಚಿಗಳನ್ನಿಡುವ ಕೋಣೆಯಲ್ಲಿ ಗೋಡೆಗೆ ಒರಗಿಸಿ ಮೇಲೆ ಹೊದಿಕೆ ಹಾಕಿದ್ದೇವೆ.

ಕಚೇರಿಯಿಂದ ಸುದ್ದಿ ಇಲ್ಲ.

ಏಪ್ರಿಲ್ 24, ಗುರುವಾರ

ಸುದ್ದಿ ಇಲ್ಲ. ಪ್ರತಿ ದಿನ ಹತ್ತು ಗಂಟೆಗೆ ಫೋನ್ ಮಾಡುತ್ತೇನೆ. ಆ ಹೆಣ್ಣುಮಗಳಿಗೆ ನನ್ನ ದನಿ ಪರಿಚಯವಾಗಿದೆ. ಅವಳ ಅಮ್ಮನಿಗೂ ಸಕ್ಕರೆ ಕಾಯಿಲೆಯಂತೆ.

ಏಪ್ರಿಲ್ 29, ಮಂಗಳವಾರ

ಚೋನ್ ಬದುಕಿದ್ದಾನೆ ಎಂದು ಸರ್ಕಾರ ಒಪ್ಪಿಕೊಂಡಿತು. ಬೆಳಿಗ್ಗೆ 10.20.

ಮೇ 13, ಮಂಗಳವಾರ

ಬದುಕಿರುವುದಕ್ಕೆ ಒಂದು ಕಾಗದ, ದಾಟುವುದಕ್ಕೆ ಇನ್ನೊಂದು. ಆ ಇನ್ನೊಂದು ಬಂದಿಲ್ಲ. ಇವತ್ತು ಸಭೆಯ ಮುಂದೆ ಹೇಳಿದೆ: ನಮ್ಮ ಸಂಘದ ಪ್ರತಿಯೊಬ್ಬರೂ ಒಂದೊಂದು ಕಾಗದ ಬರೆಯಬೇಕು, ಅವರವರ ಮಾತಿನಲ್ಲಿ, ನಕಲು ಮಾಡಬಾರದು. "ಏನಂತ ಬರೀಲಿ?" ಎಂದ ಒಬ್ಬ. "ಚೋನ್ ನಿನಗೆ ಮಾಡಿದ ಒಂದು ಕೆಲಸ ಬರಿ." "ನನ್ನ ಹತ್ರ ಗಿಟಾರ್ ತಗೊಂಡ್ಹೋಗಿ ವಾಪಸ್ ಕೊಟ್ಟಿಲ್ಲ." "ಅದನ್ನೇ ಬರಿ. ವಸೂಲಿ ಮಾಡೋಕೆ ಅವನು ಬರ್ಲೇಬೇಕು ಅಂತ ಬರಿ."

ಇಪ್ಪತ್ತೇಳು ಕಾಗದಗಳಾದವು. ಸಂಜೆ ಅಂಚೆಗೆ ಹಾಕಿದೆ. ಮನೆಗೆ ಬಂದಾಗ ಹಸಿವಾಗಿತ್ತು.

ಮೇ 20, ಮಂಗಳವಾರ

ಅನುಮತಿ ಬಂತು! ಮೂರು ದಿನ. ನಾಳೆ ಬೆಳಿಗ್ಗೆಯಿಂದ ಶುಕ್ರವಾರ ಸಂಜೆ ಆರರವರೆಗೆ. ಬರೆಯಲು ಪುರುಸೊತ್ತಿಲ್ಲ, ಜೋಳದ ಹಿಟ್ಟು ನೆನೆಸಿದ್ದೇನೆ.

ಮೇ 22, ಗುರುವಾರ. ಸಾನ್ ಅಂತೋನಿಯೊ

ನಿನ್ನೆ ಬೆಳಿಗ್ಗೆ ಚೋನ್ ಸೇತುವೆ ದಾಟಿ ಬಂದ. ಹದಿಮೂರು ವರ್ಷದ ಮೇಲೆ. ದೊಡ್ಡದೇನನ್ನೋ ಹೇಳುತ್ತಾನೆ ಎಂದುಕೊಂಡಿದ್ದೆವು. "ಮೂತ್ರಕ್ಕೆ ಹೋಗ್ಬೇಕು, ಎಲ್ಲಿದೆ?" ಎಂದ. ಅವನ ಟೋಪಿಯನ್ನು ಆಬೆಲಾರ್ದೊ ಅಲ್ಲೇ ಅವನ ತಲೆಗಿಟ್ಟ.

ಸಂಘದ ವ್ಯಾನಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ತಮಾಲೆ ತಿನ್ನುತ್ತಾ ಮಾತನಾಡಿದ. ಅವನೂ ಕ್ಲೆಮೆಂತೆಯೂ ಗೆಳೆಯರಾದದ್ದು ಹೇಗೆ ಎಂದು ನನಗೆ ಗೊತ್ತಿರಲಿಲ್ಲ. ಒಂದೇ ಊರಿನವರಾದ್ದರಿಂದ ಎಂದುಕೊಂಡಿದ್ದೆ.

"ಊರಲ್ಲಿ ನಾವು ಒಬ್ರ ಮುಖ ಒಬ್ರು ನೋಡಿರ್ಲಿಲ್ಲ ಅತ್ತಿಗೆ. ಸೈನ್ಯದಲ್ಲಿ ಮನೆತನದ ಹೆಸರಿನ ಪ್ರಕಾರ ನಿಲ್ಲಿಸ್ತಾರೆ. ಯು ಆದ್ಮೇಲೆ ವಿ, ಉರೂತಿಯಾ ಆದ್ಮೇಲೆ ವಾಲ್ದಿವಿಯಾ. ಸೂಜಿಗೂ ಅವನ ಹಿಂದೆ ನಾನು, ಊಟಕ್ಕೂ ಅವನ ಹಿಂದೆ ನಾನು. ಒಳ್ಳೇ ತುಂಡೆಲ್ಲ ಅವನ ತಟ್ಟೆಗೆ. ಎರಡು ವರ್ಷ ನಾನು ನೋಡಿದ್ದು ಅವನ ಕತ್ತಿನ ಹಿಂಭಾಗ ಒಂದೇ."

"ಮಚ್ಚೆ ಇತ್ತು ಅಲ್ಲಿ," ಎಂದೆ.

"ಎಡಗಡೆ," ಎಂದ.

ಆ ಮಚ್ಚೆಯನ್ನು ಬಲ್ಲ ಇನ್ನೊಬ್ಬರು ಈ ಲೋಕದಲ್ಲಿದ್ದಾರೆ ಎಂದು ನನಗೆ ಸಮಾಧಾನವಾಯಿತು.

ಇವತ್ತು ತಪಾಸಣೆ ಮುಗಿಯಿತು. ತೀರ್ಮಾನಕ್ಕೆ ಇನ್ನೂ ತಿಂಗಳುಗಳಾಗುತ್ತವೆ. ಆದರೆ ಹುಣ್ಣು ನೋಡಿದ ಡಾಕ್ಟರಮ್ಮ ಅಲ್ಲೇ ಶುಚಿ ಮಾಡಿ ಎರಡು ತಿಂಗಳ ಔಷಧಿ ಕೊಟ್ಟರು. ಕಾಲು ಉಳಿಯುತ್ತದೆ ಎಂದರು. "ಉಳಿಯಬಹುದು" ಎನ್ನಲಿಲ್ಲ. ನಾನು ಮತ್ತೊಮ್ಮೆ ಕೇಳಿ ಖಚಿತ ಮಾಡಿಕೊಂಡೆ.

ಮೇ 23, ಶುಕ್ರವಾರ

ಮಧ್ಯಾಹ್ನ ಎರಡಕ್ಕೆ ಊರು ತಲುಪಿದೆವು. ಚೋನ್ ತನ್ನ ಕಲ್ಲು ನೋಡಬೇಕೆಂದ. ಹೊದಿಕೆ ಸರಿಸಿದೆವು. ಬೆರಳಿನಿಂದ ಅಕ್ಷರ ಮುಟ್ಟಿ ನೋಡಿ, "ಸತ್ತ ತಾರೀಖು ಒಂದು ಬಿಟ್ರೆ ಎಲ್ಲಾ ಸರಿಯಾಗಿದೆ," ಎಂದ.

ಆಮೇಲೆ ಸ್ಮಶಾನಕ್ಕೆ ಹೋದೆವು. ನಾನು ದೂರದಲ್ಲೇ ನಿಂತೆ. ಆದರೂ ಕೇಳಿಸಿತು, ಅವನು ಬೈಯುತ್ತಿದ್ದ. "ಮೂರ್ಖ! ಮೂವತ್ತು ವರ್ಷ ಊರೋರ ಕಾಗದ ಎಲ್ಲಾ ಎರಡೆರಡು ಸಲ ಓದ್ತಿದ್ದೋನು, ನನ್ನ ವಿಷಯದಲ್ಲಿ ಒಂದು ಸಲ ಬಂದು ನೋಡೋಕಾಗ್ಲಿಲ್ವಾ?" ಟೋಪಿ ತೆಗೆದು ಕೈಯಲ್ಲಿ ಹಿಡಿದ. "ನಂದೂ ತಪ್ಪು. ನಾನೂ ಒಂದು ಮಾತು ಬರೆದು ಕಳಿಸ್ಬೇಕಿತ್ತು." ಆಮೇಲೆ ಮಣ್ಣಿನ ಪಕ್ಕದಲ್ಲಿ, ಕಾಲು ಚಾಚಿಕೊಂಡು ಕುಳಿತ. ಐದು ಗಂಟೆಗೆ ನಾನೇ ಹೋಗಿ ಎಬ್ಬಿಸಿದೆ.

ಸೇತುವೆಯ ನಡುವಿನ ಗೆರೆಯವರೆಗೆ ಜೊತೆಯಲ್ಲಿ ನಡೆದೆ.

"ಗೊತ್ತಾ ಅತ್ತಿಗೆ, ನಾನು ಸತ್ರೆ ಈ ಕಡೆ ಬರೋಕೆ ಯಾರ ಅನುಮತೀನೂ ಬೇಡ. ಬಾವುಟ ಹೊದಿಸಿ ಕರ್ಕೊಂಬರ್ತಾರೆ. ಕಲ್ಲೂ ರೆಡಿ ಇದೆ."

"ಸಾಯ್ಬೇಡ ಚೋನ್," ಎಂದೆ. "ಆ ಫಾರಂ ಎಷ್ಟು ಉದ್ದ ಇದೆ ಅಂತ ನಂಗೆ ಗೊತ್ತು."

ನಗುತ್ತಾ ಹೋದ. ಕುಂಟುವುದು ಕಡಿಮೆಯಾಗಿತ್ತು ಎಂದು ನನಗೆ ಕಂಡಿತು. ನನ್ನ ಆಸೆಯೂ ಇರಬಹುದು.

ಮೇ 26, ಸೋಮವಾರ

ಅಗಲಿದ ಸೈನಿಕರ ದಿನ. ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೂ ಸ್ಮಶಾನದಲ್ಲಿ ಸೇರಿದೆವು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಒಫೀಲಿಯಾ ಡಾಲಸ್‌ನಿಂದ ಬಂದಿದ್ದಳು. "ಅಮ್ಮಾ, ನೀನ್ಯಾಕೆ ಮುಂದೆ ನಿಂತಿದ್ದೀಯ?" ಎಂದು ಕೇಳಿದಳು. ಹೆಸರು ಕೂಗುವುದು ಕಾರ್ಯದರ್ಶಿಯ ಕೆಲಸ, ಪಟ್ಟಿ ನನ್ನ ಹತ್ತಿರವೇ ಇದೆ, ಇನ್ನೆಲ್ಲಿ ನಿಲ್ಲಲಿ ಎಂದೆ.

ಬದುಕಿರುವವರ ಹೆಸರುಗಳನ್ನು ಮೊದಲು ಕೂಗುತ್ತೇವೆ, ಮನೆತನದ ಹೆಸರಿನ ಕ್ರಮದಲ್ಲಿ. ಒಬ್ಬೊಬ್ಬರೂ ಹಾಜರ್ ಎನ್ನುತ್ತಾರೆ. ಆ ವರ್ಷ ಹೋದವನನ್ನೂ ಅವನ ಹಳೆಯ ಜಾಗದಲ್ಲೇ ಕೊನೆಯ ಸಲ ಕೂಗಬೇಕು. ಮೂರು ಸಲ. ಉತ್ತರ ಬರದಿದ್ದರೆ ಮುಂದಿನ ಹೆಸರಿಗೆ ಹೋಗಬೇಕು.

ಆಬೆಲಾರ್ದೊ ತನ್ನ ಮೊಬೈಲನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತಿದ್ದ. ಕೈ ನೋಯುತ್ತಿದೆ ಎಂದು ಗೊಣಗಿದರೂ ಇಳಿಸಲಿಲ್ಲ.

ಒಂದೊಂದಾಗಿ ಕೂಗುತ್ತಾ ಬಂದೆ.

"ಉರೂತಿಯಾ, ಕ್ಲೆಮೆಂತೆ."

ಎರಡನೆಯ ಸಲ ಕೂಗಿದೆ. ಮದುವೆಯಾದ ಮೇಲೆ ಅವನ ಪೂರ್ತಿ ಹೆಸರನ್ನು ಹೀಗೆ ಬಾಯಿಬಿಟ್ಟು ಕರೆದದ್ದೇ ಇಲ್ಲ. ಮೂರನೆಯ ಸಲ ಕೂಗಿ ಕಾದೆ. ಎಷ್ಟು ಹೊತ್ತು ಕಾಯಬೇಕೆಂದು ನಿಯಮದಲ್ಲಿಲ್ಲ. ಯಾರೂ ಅವಸರ ಮಾಡಲಿಲ್ಲ. ಎಲ್ಲೋ ಒಂದು ಪಾರಿವಾಳ ಕೂಗಿತು. ಅವನು ಉತ್ತರ ಕೊಡುವುದಿಲ್ಲ ಎಂದು ನನಗೆ ಆಗ ಗೊತ್ತಾಯಿತು. ಫೆಬ್ರವರಿಯಲ್ಲಿ ಗೊತ್ತಾಗಿರಲಿಲ್ಲ.

ಒಫೀಲಿಯಾ ಕರವಸ್ತ್ರ ಕೊಟ್ಟಳು. ಒರೆಸಿಕೊಂಡು ಪಟ್ಟಿ ನೋಡಿದೆ.

"ವಾಲ್ದಿವಿಯಾ, ಎಂಕಾರ್ನಾಸಿಯೋನ್."

ಫೋನಿನಿಂದ ಮೊದಲು ಗ್ಯಾಸ್ ಮಾರುವ ಲಾರಿಯ ಹಾಡು ಬಂತು, ಆಮೇಲೆ ಕೋಳಿಗಳ ಗದ್ದಲ, ಆಮೇಲೆ ಯಾರನ್ನೋ ಗದರುವ ದನಿ: "ಲೇ, ಆ ಹಾಡು ನಿಲ್ಸೋ, ನನ್ ಹೆಸ್ರು ಕೂಗ್ತಿದಾರೆ!" ಲಾರಿ ನಿಂತಿತು. ಗಂಟಲು ಸರಿಮಾಡಿಕೊಂಡದ್ದೂ ಕೇಳಿಸಿತು.

"ಹಾಜರ್!"

ಸ್ಮಶಾನವೆಲ್ಲ ನಕ್ಕಿತು. ಅವನ ಹೆಸರಿನ ಮುಂದೆ ಗುರುತು ಹಾಕಿ, ಮುಂದಿನ ಹೆಸರು ಕೂಗಿದೆ.